ನಾಯಿಯ ಪಾಲು

ಬೇಟೆ ಮುಗಿಸಿ ಬಂದ ಕೋದಂಡಪ್ಪ ಮುತ್ತುಗದೆಲೆಯಲ್ಲಿ ಸುತ್ತಿದ ಜಿಂಕೆ ಮಾಂಸವನ್ನು ಮುಂದೆ ಹಿಡಿದ. ಅತ್ತಿಗೆ ಪಾಪಕ್ಕ ಕೈ ಚಾಚಲಿಲ್ಲ. ಗಂಡ ತೀರಿಹೋದಂದಿನಿಂದ ಅವಳು ಯಾರ ಮನೆಯ ಹಿಡಿ ರಾಗಿಯನ್ನೂ ಮುಟ್ಟಿರಲಿಲ್ಲ.

“ಬಿಟ್ಟಿ ಕೂಳು ನಮಗ್ಬ್ಯಾಡ, ತಗೊಂಡೋಗು.”

“ಬಿಟ್ಟಿ ಅಲ್ಲ ಅತ್ಗೆ, ನಿಮ್ ನಾಯಿ ಪಾಲು. ಮಾರಿಕುಪ್ಪಂ ಗುಡ್ಡದ ತಾವ ಜಿಂಕೆ ಅಡ್ಡಗಟ್ಟಿದ್ದೇ ಇದು,” ಎಂದು ಕಾಲ ಬಳಿ ಮಲಗಿದ್ದ ನಾಯಿಯನ್ನು ತೋರಿಸಿದ.

ಬೇಟೆಯಾಡಿದ ನಾಯಿಗೂ ಒಂದು ಪಾಲು ತೆಗೆದು ಅದರ ಮನೆಯವರಿಗೆ ಕೊಡುವುದು ಊರಿನ ವಾಡಿಕೆ. ಆದರೆ ಅಣ್ಣ ಸಾಕಿದ ಆ ಮುದಿ ನಾಯಿ ಬೆಳಗಿನಿಂದ ಗುಡ್ಡದ ಬಂಡೆಯೊಂದರ ನೆರಳಲ್ಲೇ ಮಲಗಿತ್ತು; ಅದನ್ನು ಹೆಗಲ ಮೇಲೆ ಹೊತ್ತು ಗುಡ್ಡ ಇಳಿಸಿದವನೂ ಕೋದಂಡಪ್ಪನೇ.

ಪಾಪಕ್ಕ ನಾಯಿಯನ್ನು ನೋಡಿದಳು. ಮೈದುನನ ಹೆಗಲಿಗೆ ಅಂಟಿದ್ದ ಅದರ ಕೂದಲನ್ನೂ ನೋಡಿದಳು.

“ಎದ್ದು ನಿಲ್ಲಾಕಾಗಲ್ಲ ನಿನ್ಗೆ, ಜಿಂಕೆ ಅಡ್ಡಗಟ್ದೇನ್ಲಾ?” ಎಂದು ನಾಯಿಯನ್ನು ಗದರಿ, ಒಳಗಿನಿಂದ ಪಾತ್ರೆ ತಂದು ಮುಂದೆ ಹಿಡಿದಳು.