ಉಳಿದ ಗುರುಪಾದರು

ಸತ್ತವರ ರೂಢಿಗಳು ಅವರದೇ ಹೆಸರಿನವರಿಗೆ ಹಂಚಿಹೋಗುವುದು ಯಾರಿಗೂ ಹೊಸ ಸಂಗತಿಯಲ್ಲ. ಗಂಡ ಗುರುಪಾದನ ವರ್ಷಾಂತಿಕ ಮುಗಿದ ಮೇಲೆ ಸಂಗವ್ವ ಹೆಸರಾಂತ ಗುರುಪಾದರನ್ನೆಲ್ಲ ನೋಡಲು ಹೊರಟಳು. ಅವರ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಗಂಡ ಸೀನುತ್ತಿದ್ದ ರೀತಿ ಪೈಲ್ವಾನ ಗುರುಪಾದರಿಗೆ ಹೋಗಿತ್ತು. ಚಹಾವನ್ನು ಬಸಿಗೆ ಸುರಿದು ಊದುವುದು ಕಣ್ಣಿನ ಡಾಕ್ಟರ್ ಗುರುಪಾದರಿಗೆ. ಅವಳಿಗೆ ಬೇಕಾದದ್ದು ಬೇರೆ. ಕೊನೆಯ ಸಂಜೆ ಅವನೊಂದು ತಮಾಷೆ ಹೇಳಲು ಹೊರಟು, ಎಂದಿನಂತೆ ತಾನೇ ಮೊದಲು ನಕ್ಕು, ಹೇಳದೆಯೇ ಹೋಗಿಬಿಟ್ಟಿದ್ದ.

ಗಾಯಕ ಗುರುಪಾದರು ತಂಬೂರಿ ಬದಿಗಿಟ್ಟರು. "ನಿಮ್ಮವರದು ಏನರ ಬಂದದೇನು ಅಂತ ಕೇಳಾಕ ಬಂದೀರಿ, ಹೌದಿಲ್ಲೋ ಅಕ್ಕಾರ?"

"ಒಂದು ಮಾತು ಬಾಕಿ ಉಳದೈತ್ರಿ."

"ಮಾತು ಬಂದಿಲ್ರಿ. ನಗು ಬಂದದ. ಆಲಾಪದ ನಡುವ ಬಂದು ನನ್ನ ಮಾನಾ ಕಳೀತದ."

ಹೇಳುತ್ತಿದ್ದಂತೆಯೇ ಅದು ಬಂತು. ಮೊದಲು ಭುಜಗಳು ಕುಣಿದವು, ಆಮೇಲೆ ಕಣ್ಣು ತುಂಬಿದವು, ಅಂಗೈ ತೊಡೆ ತಟ್ಟಿತು. ಥೇಟ್ ಅವನೇ.

"ಯಾತಕ್ಕ ನಗಾಕತ್ತೀನೋ ನನಗ ಗೊತ್ತಿಲ್ಲ," ಎಂದು ಅವರು ಕಣ್ಣೊರೆಸಿಕೊಂಡರು. "ಆ ಮಾತು ಕವಿ ಗುರುಪಾದರ ಕಡೆ ಇರಬೇಕು. ವಿಳಾಸ ಕೊಡ್ಲೇನು?"

ಸಂಗವ್ವ ಎದ್ದಿದ್ದವಳು ಮತ್ತೆ ಚಾಪೆಯ ಮೇಲೆ ಕುಳಿತಳು.

"ಆಮ್ಯಾಲೆ ಕೊಡೀರಂತ," ಎಂದಳು. "ಇನ್ನೊಮ್ಮೆ ನಗ್ರಿ."