ಒಂದು ಬಕೆಟ್ ಕೊಳೆ

ಬಿಸಿಲು ಹಿತ್ತಿಲ ಗೋಡೆ ಹತ್ತುವ ಮೊದಲೇ ಮೀನುಗಳಿಗೆ ಕಾಳು ಹಾಕಿಬಿಡಬೇಕೆಂದು ಯೆಸೇನಿಯಾ ಎಂದಿನಂತೆ ಐದೂವರೆಗೇ ತೊಟ್ಟಿಯ ಹತ್ತಿರ ಬಂದಳು. ಚಾಚಿದ ಕೈ ಹಾಗೇ ನಿಂತಿತು. ದಿನಾ ಅವಳ ಹೆಜ್ಜೆಯ ಸದ್ದಿಗೇ ಮುಗಿಬೀಳುತ್ತಿದ್ದ ನಲವತ್ತು ತಿಲಾಪಿಯಾ ಮೀನುಗಳು ಇವತ್ತು ನೀರಿನ ಮೇಲೆ ಬಾಯಿ ತೆರೆದುಕೊಂಡು ಉಸಿರಿಗೆ ಒದ್ದಾಡುತ್ತಿದ್ದವು. ತಲೆಯೆತ್ತಿ ತೊಟ್ಟಿಯ ಮೇಲಿನ ಗಿಡದ ಮಡಿ ನೋಡಿದಳು. ಸೊಪ್ಪಿನ ಗಿಡಗಳು ಜೋಲು ಮುಖ ಹಾಕಿದ್ದವು. ಅವು ಬೇರು ಬಿಟ್ಟಿದ್ದ ಕಲ್ಲುಗಳು ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು.

"ನೋಡಿದ್ಯಾ?" ಅತ್ತೆ ಅಂಪಾರೊ ಅಡುಗೆಮನೆಯ ಕಿಟಕಿಯಿಂದ ಕೇಳಿದಳು. ಮೊಣಕೈವರೆಗೆ ತೋರ್ತಿಯಾ ರೊಟ್ಟಿಯ ಹಿಟ್ಟು. "ನಿನ್ನೆ ನೀನು ಕೆಲಸಕ್ಕೆ ಹೋದ್ಮೇಲೆ ಒಂದೊಂದು ಕಲ್ಲನ್ನೂ ಬ್ರಶ್ ಹಾಕಿ ತಿಕ್ಕಿದೀನಿ. ಥೂ, ಏನು ಲೋಳೆ, ಏನು ನಾತ! ಅರ್ಧ ನೀರೂ ಚೆಲ್ಲಿ ನಲ್ಲಿ ನೀರು ತುಂಬಿಸಿದೆ. ಇಂಥಾದ್ರಲ್ಲಿ ಬೆಳೆದ ಸೊಪ್ಪನ್ನ ಮಗೂಗೆ ತಿನ್ನಿಸ್ತಿದ್ದೆಯಲ್ಲೇ ಮಹಾತಾಯಿ!"

ಆ ಲೋಳೆಯೇ ತೊಟ್ಟಿಯ ಜೀವ. ತೊಟ್ಟಿಯ ನೀರು ಪಂಪಿನಿಂದ ಮಡಿಗೆ ಏರಿ ಕಲ್ಲುಗಳ ನಡುವೆ ಹಾದು ಇಳಿಯುವಾಗ, ಮೀನು ಹೊರಹಾಕಿದ ವಿಷವನ್ನು ತಿಂದು ಗಿಡಕ್ಕೆ ಗೊಬ್ಬರ ಮಾಡಿಕೊಡುವುದು ಅದೇ. ಅದು ಕಲ್ಲಿಗೆ ಹಿಡಿಯಲು ಒಂದೂವರೆ ತಿಂಗಳು ಬೇಕಾಗಿತ್ತು. ಅದನ್ನು ಉಳಿಸಿಕೊಳ್ಳಲು ಮರಳುಗಾಡಿನ ಊರು ಟೂಸಾನಿನ ಎರಡು ಸುಡುಬೇಸಿಗೆ ಅವಳು ಪರದೆ ಕಟ್ಟಿ, ನೆರಳು ಮಾಡಿ, ಮಗುವಿನಂತೆ ಕಾದಿದ್ದಳು. ಈಗ ಮೀನುಗಳು ತಮ್ಮ ವಿಷದಲ್ಲೇ ಸಾಯಬೇಕು. ಸಾಲದ್ದಕ್ಕೆ ನಲ್ಲಿಯ ಕ್ಲೋರಿನ್ ಬೇರೆ. ಯೆಸೇನಿಯಾ ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಹಾಡು ಕೇಳಿಸಿತು.

ಅತ್ತೆ ಹಾಡುತ್ತಿದ್ದಳು! ಮಾವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಇಲ್ಲಿಗೆ ಕರೆತಂದಾಗಿನಿಂದ ಮುಂಬಾಗಿಲ ಕುರ್ಚಿಯಲ್ಲಿ ಕೂತು ಗೋಡೆ ನೋಡುವುದೊಂದೇ ಅವಳ ಕೆಲಸ. ಕೊಟ್ಟರೆ ಉಂಡಳು, ಇಲ್ಲದಿದ್ದರೆ ಇಲ್ಲ. ಅಂಥವಳು ಇವತ್ತು ಹಿಟ್ಟು ಬಡಿಯುತ್ತ ಯಾವುದೋ ಹಳೆಯ ಹಾಡು ಗುನುಗುತ್ತಿದ್ದಾಳೆ. ಯೆಸೇನಿಯಾ ತೆರೆದ ಬಾಯಿ ಮುಚ್ಚಿದಳು. ಬೀರುವಿನಲ್ಲಿದ್ದ ವಿಟಮಿನ್ ಸಿ ಮಾತ್ರೆಗಳನ್ನೆಲ್ಲ ಕುಟ್ಟಿ ಪುಡಿ ಮಾಡಿ, ಕ್ಲೋರಿನ್ ಅಳಿಯಲೆಂದು ತೊಟ್ಟಿಗೆ ಸುರಿದಳು. ತೊಟ್ಟಿಯ ಒಂದಿಷ್ಟು ನೀರನ್ನು ನಿಂಬೆ ಗಿಡದ ಬುಡಕ್ಕೆ ಹೊತ್ತು ಹಾಕಿ, ನೆರಳಿನ ಡ್ರಮ್ಮಿನಲ್ಲಿ ವಾರದಿಂದ ತಂಗಿದ್ದ ನೀರನ್ನು ಎತ್ತರದಿಂದ ಹೊಯ್ದಳು, ಒಂದಿಷ್ಟು ಗಾಳಿಯಾದರೂ ಸೇರಲಿ ಎಂದು. ಇದೆಲ್ಲ ಇವತ್ತಿನ ಮಟ್ಟಿಗೆ. ನಾಳೆ?

"ಅಮ್ಮಾ." ಎಂಟು ವರ್ಷದ ನಯೇಲಿ ನಿದ್ದೆಗಣ್ಣಿನಲ್ಲೇ ಬಂದು ಅಂಗಿ ಎಳೆದಳು.

"ಈಗ ಬೇಡ ಪುಟ್ಟಿ."

"ಅಮ್ಮಾ, ಬಾ ಅಂದ್ರೆ ಬಾ."

ಬಟ್ಟೆ ಒಗೆಯುವ ಯಂತ್ರದ ಹಿಂದೆ, ಒದ್ದೆ ಟವೆಲ್ ಹೊದಿಸಿದ ಒಂದು ಬಕೆಟ್ ಇತ್ತು. ಗಾಳಿ ಊದುವ ಪುಟ್ಟ ಯಂತ್ರ ಅದರೊಳಗೆ ಗುಳುಗುಳು ಎನ್ನುತ್ತಿತ್ತು. ಯೆಸೇನಿಯಾ ಟವೆಲ್ ಸರಿಸಿದಳು. ಬಕೆಟ್ ತುಂಬ ಕಂದು ಬಣ್ಣದ, ಲೋಳೆ ಹಿಡಿದ, ಗಬ್ಬು ನಾರುವ ಕಲ್ಲುಗಳು. ಜನ್ಮದಲ್ಲಿ ಅವಳಿಗೆ ಯಾವ ವಾಸನೆಯೂ ಇಷ್ಟು ಹಿತವೆನಿಸಿರಲಿಲ್ಲ.

"ಅಜ್ಜಿ ನೀರು ಕುಡಿಯೋಕೆ ಒಳಗೆ ಹೋದಾಗ ಎತ್ತಿಟ್ಟೆ."

"ತಿಕ್ಕಬೇಡ ಅಂತ ಅಜ್ಜಿಗೆ ಹೇಳೋದಲ್ವೇನೇ?"

"ಹೇಳೋಕೇ ಹೋದೆ. ಅಜ್ಜಿ ಹಾಡ್ತಾ ಇದ್ಲು." ಇನ್ನೂ ಏನನ್ನೋ ಕೇಳುವವಳಂತೆ ತಡವರಿಸಿ, ಬಗ್ಗಿ ಬಕೆಟ್ಟಿನ ಹಿಡಿ ಹಿಡಿದಳು.

ಹಾಲಿಗೆ ಹೆಪ್ಪು ಬಿಡುವ ಹಾಗೆ, ತಾಯಿ ಮಗಳು ಸೇರಿ ಆ ಕೊಳೆ ಕಲ್ಲುಗಳನ್ನು ತೊಳೆದ ಕಲ್ಲುಗಳ ನಡುನಡುವೆ ಹುದುಗಿಸಿದರು. ಕಾದರು. ಎಂಟು ಗಂಟೆಯ ಹೊತ್ತಿಗೆ ದೊಡ್ಡ ಮೀನೊಂದು ಬಾಯಿ ಮುಚ್ಚಿ ಕೆಳಕ್ಕಿಳಿಯಿತು. ಹಿಂದೆಯೇ ಇನ್ನೆರಡು. ನೋಡನೋಡುತ್ತ ನೀರಿನ ಮೇಲೆ ಬರೀ ಆಕಾಶ ಉಳಿಯಿತು. ಯೆಸೇನಿಯಾ ನೆಲದ ಮೇಲೆ ಕುಸಿದು ಕೂತು, ನಕ್ಕು, ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡಳು.

"ಅಯ್ಯೋ ದೇವಮಾತೆ! ನಡುವೆ ಅಷ್ಟು ಕೊಳೆ ಹಂಗೇ ಬಿಟ್ಟಿದೀನಲ್ಲ!" ಅಂಪಾರೊ ಆಗಲೇ ಬ್ರಶ್ ಹಿಡಿದು ಬಂದಿದ್ದಳು. "ಹಾಳು ಕಣ್ಣು. ಸರ್ಕೊಳ್ಳಿ ಇಬ್ಬರೂ."

ಯೆಸೇನಿಯಾ ಎದ್ದು ಅತ್ತೆಯ ಮಣಿಕಟ್ಟು ಹಿಡಿದಳು, ಮೆಲ್ಲಗೆ. "ಬೇಡ ಅತ್ತೆ. ಆ ಕೊಳೆ ಇರ್ಲಿ. ಅದಿಲ್ದೆ ಮೀನು ಬದುಕಲ್ಲ."

ಅಂಪಾರೊ ಖಾಲಿ ಡ್ರಮ್ ನೋಡಿದಳು. ಖಾಲಿ ಮಾತ್ರೆ ಡಬ್ಬಿ, ಸೊಸೆಯ ತೊಯ್ದ ಬಟ್ಟೆ ನೋಡಿದಳು. ಬೇರೆ ವಿವರ ಬೇಕಾಗಲಿಲ್ಲ.

"ಎಷ್ಟು ಸತ್ವು?"

"ಒಂದೂ ಇಲ್ಲ. ನಿಮ್ಮ ಮೊಮ್ಮಗಳು ಒಂದು ಬಕೆಟ್ ಬಚ್ಚಿಟ್ಟಿದ್ಲು."

ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಉದ್ದಕ್ಕೆ ಉಸಿರುಬಿಟ್ಟಳು. "ನಿಮ್ಮ ಮಾವನೂ ಹಿಂಗೇ. ನನ್ನ ಗ್ಯಾರೇಜ್ ಗುಡಿಸ್ಬೇಡ ಮಾರಾಯ್ತಿ, ಒಂದು ಸ್ಕ್ರೂ ಕೈಗೆ ಸಿಗಲ್ಲ ಅಂತ ನಲವತ್ತು ವರ್ಷ ಬಡ್ಕೊಂಡ್ರು. ನಾನು ಕೇಳಿದ್ನಾ?"

ಅತ್ತೆ ಸೊಸೆ ಇಬ್ಬರಿಗೂ ನಗು ಬಂತು. ನಗು ನಿಂತಿತು. ಕಲ್ಲುಗಳ ಸಂದಿಯಿಂದ ನೀರು ತೊಟ್ಟಿಗೆ ತೊಟ್ಟಿಕ್ಕುವ ಸದ್ದೊಂದೇ. ಅಂಪಾರೊ ಕೈಯಲ್ಲಿದ್ದ ಬ್ರಶ್ಶನ್ನು ಆ ಕಡೆ ಈ ಕಡೆ ತಿರುಗಿಸುತ್ತ ನಿಂತಿದ್ದಳು. ನಯೇಲಿ ಆ ಮುಖವನ್ನೇ ನೋಡಿದಳು. ನಿನ್ನೆಯಿಂದ ನುಂಗಿಕೊಂಡಿದ್ದ ಮಾತು ಕೊನೆಗೂ ಹೊರಬಂತು.

"ಅಜ್ಜೀ, ಕಲ್ಲು ಗಲೀಜಾಗೇ ಇದ್ರೂ ನೀನು ಹಾಡ್ತೀಯಾ?"