ಬಿಳಿ ಕಲ್ಲಿನ ಮಲ್ಲಿಗೆ ಕುಂಡ

ಮನೆಯಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀರಾ? ಹಾಗಿದ್ದರೆ ಇದನ್ನು ಸ್ವಲ್ಪ ನಿಧಾನವಾಗಿ ಓದಿ...

ಮೈಸೂರಿನ ಒಂದು ಅಪಾರ್ಟ್‌ಮೆಂಟ್, ನಾಲ್ಕನೇ ಮಹಡಿ. ಗಂಡ ನಂದೀಶ ಕನ್ನಡಕದ ಅಂಗಡಿ ಇಟ್ಟವನು. ಹೆಂಡತಿ ಹೇಮಲತಾ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದಳು.

ಅವರ ಮನೆಗೆ ಬಂದವರೆಲ್ಲ "ಅಬ್ಬಬ್ಬಾ!" ಅನ್ನುತ್ತಿದ್ದರು. ಟಿವಿ ಮೇಲಿಂದ ಇಳಿಬಿದ್ದ ಮನಿ ಪ್ಲಾಂಟ್, ಹಿಡಿ ಮುರಿದ ಕುಕ್ಕರಿನಲ್ಲಿ ದೊಡ್ಡಪತ್ರೆ, ತೆಂಗಿನ ಚಿಪ್ಪುಗಳಲ್ಲಿ ಪುಟ್ಟ ಪುಟ್ಟ ಕಳ್ಳಿ ಗಿಡ... ಗೋಡೆಗೆ ತಿಳಿಹಸಿರು ಬಣ್ಣ ಬಳಿದದ್ದೂ ಇಬ್ಬರೂ ಸೇರಿಯೇ.

ಎಲ್ಲಕ್ಕಿಂತ ಮೊದಲು ಬಂದದ್ದು ಬಾಲ್ಕನಿಯ ದುಂಡುಮಲ್ಲಿಗೆ. ಮನೆಗೆ ಒಂದು ಕುರ್ಚಿ ಬರುವ ಮೊದಲೇ ಇಬ್ಬರೂ ಹೋಗಿ ತಂದ ಗಿಡ ಅದು. ಚೆಂದ ಕಾಣಲೆಂದು ಬುಡದ ತುಂಬ ಬಿಳಿ ಕಲ್ಲು ಹರಡಿದ್ದರು. ದಿನಾ ಬೆಳಿಗ್ಗೆ ನೀರು ಹಾಕುವುದು ಮಾತ್ರ ಮೊದಲಿಂದಲೂ ನಂದೀಶನ ಕೆಲಸ.

ಅಂಥ ಮನೆಯಲ್ಲಿ ಇಪ್ಪತ್ತಾರು ದಿನದಿಂದ ಮಾತಿಲ್ಲ!

ಆದದ್ದಾದರೂ ಏನು ಮಹಾ? ಹೇಮಲತಾ ಇನ್ನೂ ಮೂರು ಕುಂಡ ತಂದಳು. ಅಂಗಡಿಯಲ್ಲಿ ಯಾರ ಜೊತೆಯೋ ಜಗಳವಾಡಿ ಬಂದಿದ್ದ ನಂದೀಶ ನೆಂಟರ ಎದುರಿಗೇ ರೇಗಿದ.

"ಇದೇನು ಮನೆನಾ, ನರ್ಸರಿನಾ? ಮನುಷ್ಯರಿಗೆ ಕಾಲಿಡೋಕೆ ಜಾಗ ಇಲ್ಲ!"

"ಮನುಷ್ಯರಿಗಿಂತ ಗಿಡಗಳೇ ವಾಸಿ ಬಿಡಿ. ಹೀಗೆ ನಾಲ್ಕು ಜನರ ಮುಂದೆ ಕೂಗಾಡಲ್ಲ."

"ಹಾಗಾದ್ರೆ ಅವುಗಳ ಜೊತೆನೇ ಮಾತಾಡ್ಕೋ!"

ಅಷ್ಟೇ... ಅವತ್ತಿಗೆ ಮಾತು ನಿಂತಿತು.

"ಸಾರು ಫ್ರಿಜ್ಜಿನಲ್ಲಿದೆ" ಅನ್ನುವುದಕ್ಕೂ ವಾಟ್ಸಾಪ್ ಮೆಸೇಜು. ಆದರೆ ಅದೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ದಿನಕ್ಕೊಂದು ಹಸಿರು ಮನೆಯ ಫೋಟೋ! ನೋಡಿದವರೆಲ್ಲ "ಮಾದರಿ ದಂಪತಿ" ಎಂದು ಹೊಗಳಿದ್ದೇ ಹೊಗಳಿದ್ದು.

ಎರಡನೇ ವಾರಕ್ಕೆ ಮಲ್ಲಿಗೆಯ ಒಂದೆರಡು ಎಲೆ ಹಳದಿಯಾಯಿತು.

ಬೆಳಿಗ್ಗೆ ನಂದೀಶ ನೀರು ಹಾಕುವುದನ್ನು ಕಾಣದ ಹೇಮಲತಾಗೆ ಮೈಯೆಲ್ಲ ಉರಿಯಿತು. 'ನನ್ನ ಮೇಲಿನ ಸಿಟ್ಟು ಗಿಡದ ಮೇಲೂ ತೀರಿಸ್ತಿದ್ದಾರೆ. ಒಂದು ಚೊಂಬು ನೀರು ಹಾಕಿದ್ರೆ ಇವರ ಗಂಟೇನು ಹೋಗ್ತಿತ್ತು?'

ಅವನು ಸ್ನಾನಕ್ಕೆ ಹೋದಾಗ ತಾನೇ ಕದ್ದುಮುಚ್ಚಿ ನೀರು ಹಾಕುವುದನ್ನು ಶುರುಮಾಡಿದಳು. ಎಲೆ ಇನ್ನೂ ಹಳದಿಯಾಯಿತು... ಮೊಗ್ಗು ಉದುರಿತು.

ಅವಳ ಬ್ಯಾಗಿನಲ್ಲಿ ಒಂದು ಅರ್ಜಿ ಇತ್ತು. ಶಿವಮೊಗ್ಗ ಶಾಖೆಗೆ ವರ್ಗಾವಣೆ. ಬೇಕೆಂದರೆ ಸೋಮವಾರದೊಳಗೆ ಸಹಿ ಹಾಕಿ ಕೊಡಬೇಕು. ನಂದೀಶನಿಗೆ ಅದರ ಸುಳಿವೇ ಇಲ್ಲ.

'ಈ ಗಿಡ ಉಳಿದರೆ ನಾನೂ ಇಲ್ಲೇ ಉಳಿಯುತ್ತೇನೆ. ಸತ್ತರೆ... ಹೊರಟುಬಿಡುತ್ತೇನೆ' ಎಂದು ಅವಳು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ನೋಡಿದರೆ ಗಿಡ ಪೂರ್ತಿ ಜೋತುಬಿದ್ದಿತ್ತು.

ಕೊಂಡಲ್ಲಿಗೇ ಒಯ್ದು ತೋರಿಸೋಣವೆಂದು ಕುಂಡವನ್ನು ತಬ್ಬಿ ಎತ್ತಲು ಹೋದಳು. ಆಗಲಿಲ್ಲ. ಹಿಂದಿನಿಂದ ಎರಡು ಕೈ ಬಂದು ಇನ್ನೊಂದು ಬದಿಯನ್ನು ಹಿಡಿದವು... ನಂದೀಶ!

ಲಿಫ್ಟಿನಲ್ಲಿ ಮಾತಿಲ್ಲ. ಆಟೋದಲ್ಲೂ ಮಾತಿಲ್ಲ. ಇಬ್ಬರ ಮಧ್ಯೆ ಕುಂಡ ಕೂತಿತ್ತು.

ರಸ್ತೆ ಬದಿಯಲ್ಲಿ ಗಿಡ ಮಾರುವ ಮುದುಕಿ ಪುಟ್ಟತಾಯಮ್ಮನಿಂದಲೇ ಅವರು ಆ ಮಲ್ಲಿಗೆ ಕೊಂಡಿದ್ದು. ಆಕೆ ಗಿಡ ನೋಡಿ ಹಣೆ ಚಚ್ಚಿಕೊಂಡಳು.

ಹೇಮಲತಾಳ ಕಟ್ಟೆ ಒಡೆಯಿತು. ಇಪ್ಪತ್ತಾರು ದಿನದ ಮೇಲೆ ಗಂಡನಿಗೆ ಆಡಿದ ಮೊದಲ ಮಾತು...

"ಸಮಾಧಾನ ಆಯ್ತಾ ನಿಮಗೆ? ಒಂದು ತೊಟ್ಟು ನೀರು ಹಾಕ್ದೆ ಸಾಯ್ಸಿದ್ರಲ್ಲ!"

ಪುಟ್ಟತಾಯಮ್ಮ ಬಿಳಿ ಕಲ್ಲನ್ನೆಲ್ಲ ಬಾಚಿ ಪಕ್ಕಕ್ಕೆ ಸರಿಸಿ ಕುಂಡ ಬೋರಲು ಹಾಕಿದಳು. ಕೆಸರು... ಕಪ್ಪಗೆ ಕೊಳೆತ ಬೇರು... ಮೂಗು ಮುಚ್ಚಿಕೊಳ್ಳುವಂಥ ವಾಸನೆ.

"ನೀರಿಲ್ದೆ ಅಲ್ಲ ಕಣವ್ವಾ, ನೀರು ಹೆಚ್ಚಾಗಿ ಸತ್ತದೆ! ಮೇಲೆ ಕಲ್ಲು ಮುಚ್ಚಿದ್ರೆ ಮಣ್ಣು ಒದ್ದೆಯೋ ಒಣವೋ ಹೆಂಗೆ ಗೊತ್ತಾಯ್ತದೆ? ಅದಿರ್ಲಿ, ದಿನಕ್ಕೆ ಎಷ್ಟು ಸಲ ಹುಯ್ತಿದ್ರಿ?"

"ನಾನು ಬೆಳಿಗ್ಗೆ ಒಂದೇ ಚೊಂಬು..."

"ನಾನು ಮಧ್ಯಾಹ್ನ ಒಂದೇ ಚೊಂಬು..."

ಇಬ್ಬರೂ ಒಟ್ಟಿಗೇ ಹೇಳಿದರು.

ನಂದೀಶ ತಲೆ ತಗ್ಗಿಸಿದ. "ನಾನು ಹಾಕೋದು ನೀನು ನೋಡಿದ್ರೆ ಸೋತ ಹಾಗೆ ಅನ್ನಿಸ್ತು. ಅದಕ್ಕೇ ನೀನು ಆಫೀಸಲ್ಲಿರೋವಾಗ, ಊಟಕ್ಕೆ ಬಂದು ಹಾಕ್ತಿದ್ದೆ. ದಿನಾ ಅದರ ಮುಂದೆ ನಿಂತು ತಪ್ಪಾಯ್ತು, ತಪ್ಪಾಯ್ತು ಅಂತಿದ್ದೆ ಹೇಮಾ... ನಿನ್ನ ಹತ್ರ ಹೇಳೋಕೆ ಬಾಯೇ ಬರಲಿಲ್ಲ."

ಹೇಮಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮಾರಾಟಕ್ಕಿಟ್ಟ ಕುಂಡಗಳ ಮಧ್ಯೆಯೇ ಕುಸಿದು ಕೂತು ಅತ್ತುಬಿಟ್ಟಳು.

"ಒಂದೇ ಮನೇಲಿ ಇರ್ತೀರಿ. ನೀರು ಹಾಕಿದ್ರಾ ಅಂತ ಒಂದು ಮಾತು ಕೇಳೋಕಾಗ್ನಿಲ್ವಾ?" ಎಂದು ಗೊಣಗುತ್ತಾ ಪುಟ್ಟತಾಯಮ್ಮ ತುದಿಯಿಂದ ಎರಡು ಕಡ್ಡಿ ಕತ್ತರಿಸಿದಳು. "ಗಿಡ ಹೋಯ್ತು. ಇವೆರಡರಲ್ಲಿ ಇನ್ನೂ ಜೀವ ಅದೆ. ಒಂದು ಕಾಗದ ಕೊಡವ್ವಾ, ಕಟ್ಕೊಡ್ತೀನಿ."

ಗಿಡ ಹೋಯ್ತು ಅನ್ನುವ ಮಾತು ಹೇಮಲತಾಳ ಕಿವಿಗೆ ಬಿತ್ತು. ಅವಳು ಬ್ಯಾಗಿಗೆ ಕೈಹಾಕಿ ಆ ಅರ್ಜಿಯನ್ನು ತೆಗೆದಳು. ಎರಡು ಕ್ಷಣ ನೋಡಿದಳು...

ಆಮೇಲೆ ಅದನ್ನೇ ಪುಟ್ಟತಾಯಮ್ಮನ ಕೈಗಿಟ್ಟಳು.

ಮಣ್ಣಿನ ಕೈ ಅದನ್ನು ಮಡಿಸುವ ಮೊದಲು ನಂದೀಶ ಓದಿಬಿಟ್ಟಿದ್ದ.

"ಶಿವಮೊಗ್ಗಕ್ಕಾ...? ನನಗೆ ಯಾಕೆ ಹೇಳ್ಲಿಲ್ಲ?"

"ನೀರು ಹಾಕ್ತಿದ್ದೀನಿ ಅಂತ ನೀವು ಹೇಳಿದ್ರಾ?"

ಅವನು ಅವಳ ಕೈ ಹಿಡಿದು ಎಬ್ಬಿಸಿದ.

ಅವತ್ತು ಸಂಜೆ ಬಾಲ್ಕನಿಯಲ್ಲಿ ಹೊಸ ಮಣ್ಣಿಗೆ ಎರಡು ಕಡ್ಡಿ ನೆಟ್ಟರು. ಈ ಸಲ ಬಿಳಿ ಕಲ್ಲು ಹಾಕಲಿಲ್ಲ. ಹೇಮಲತಾ ಚೊಂಬು ಹಿಡಿದು ಕೇಳಿದಳು...

"ರೀ, ಇವತ್ತು ನೀವು ಹಾಕ್ತೀರಾ, ನಾನು ಹಾಕ್ಲಾ?"

*ಪ್ರೀತಿ ಇದ್ದರಷ್ಟೇ ಸಾಲದು... ಇದೆ ಅಂತ ಬಾಯಿಬಿಟ್ಟು ಹೇಳಲೂ ಬೇಕು.*

ನಿಮ್ಮ ಮನೆಯಲ್ಲಿ ನೀವು ಮಾತು ಬಿಟ್ಟವರು ಯಾರು? ಇವತ್ತು ಮೊದಲ ಮಾತು ನೀವೇ ಆಡುತ್ತೀರಾ?